ನನ್ನ ಟೂರಿಂಗ್ ಸೈಕಲ್ ಮತ್ತು ಮುರಿದ ಎರಡು ಕಡ್ಡಿ

ಜಕ್ಕನಹಳ್ಳಿ ದಾಟಿ ಮೇಲುಕೋಟೆಯ ಏರು ಶುರುವಾಗುವ ಹೊತ್ತಿಗೆ ಹಿಂದಿನ ಚಕ್ರದ ಕಡ್ಡಿಯೊಂದು ‘ಟಣ್’ ಅಂತ ಮುರಿಯಿತು. ಕ್ಯಾರಿಯರ್‌ನ ಎರಡೂ ಕಡೆ ಸೇರಿ 14 ಕೆಜಿ ಸಾಮಾನಿತ್ತು. ನಾಲ್ಕು ಹೆಜ್ಜೆ ತಳ್ಳಿ ಮತ್ತೆ ಹತ್ತಿದೆ, ಇನ್ನೊಂದೂ ಹೋಯಿತು. ಎರಡೂ ಗೇರು ಇರುವ ಬಲಗಡೆಯವು. ಫ್ರೀವೀಲ್ (ಹಿಂದಿನ ಗೇರಿನ ಹಲ್ಲುಚಕ್ರಗಳ ಗೊಂಚಲು) ಬಿಚ್ಚದೆ ಅಲ್ಲಿಗೆ ಹೊಸ ಕಡ್ಡಿ ತೂರಿಸಲು ಆಗುವುದಿಲ್ಲ, ಬಿಚ್ಚುವ ಸಾಮಾನು ನನ್ನ ಬಳಿ ಇರಲಿಲ್ಲ. ಚಕ್ರ ಬೆಂಡಾಗಿ ಉಜ್ಜುತ್ತಿದ್ದ ಹಿಂದಿನ ಬ್ರೇಕನ್ನು ಬಿಡಿಸಿಕೊಂಡು ನಿಧಾನವಾಗಿ ಪಾಂಡವಪುರದವರೆಗೆ ಬಂದೆ.

ಅಷ್ಟು ಹೊತ್ತಿಗೆ ಈ ಸೈಕಲ್ಲಿಗೆ ಒಂದು ವರ್ಷದ ಆಸೆ, ಐದು ತಿಂಗಳ ಕೆಲಸ ಸುರಿದಿದ್ದೆ.

ನನಗೆ ಮೊದಲು ಬೇಕಿದ್ದದ್ದು ಸರ್ಲಿ ಕಂಪನಿಯ ಲಾಂಗ್ ಹಾಲ್ ಟ್ರಕ್ಕರ್ ಎಂಬ ಟೂರಿಂಗ್ ಸೈಕಲ್, ಅಂದರೆ ಸಾಮಾನು ಹೇರಿಕೊಂಡು ದೂರ ಹೋಗುವ ಸೈಕಲ್. ಸ್ಟೀಲ್ ಫ್ರೇಮು, ಭಾರ ಹೊರಲೆಂದೇ ಮಾಡಿದ್ದು. ಮಂಡ್ಯದ ಹೈಸ್ಕೂಲ್ ಮೇಷ್ಟ್ರ ಸಂಬಳಕ್ಕೆ ಅದು ದೂರದ ಮಾತು. ಅದಕ್ಕೆ ಅದರ ಅಳತೆಗಳನ್ನು ಬರೆದಿಟ್ಟುಕೊಂಡು, ಅದಕ್ಕೆ ಹತ್ತಿರವಾಗುವ ಹಳೆಯ ಫ್ರೇಮ್ ಹುಡುಕಿದೆ. ಕೊನೆಗೆ ಮೈಸೂರಿನ ಕುವೆಂಪುನಗರದ ಒಂದು ಮನೆಯ ಮೆಟ್ಟಿಲ ಕೆಳಗೆ ಸಿಕ್ಕಿತು: 26 ಇಂಚಿನ ಚಕ್ರದ ಹಳೆಯ ಎಂಟಿಬಿ (ಗುಡ್ಡಗಾಡಿನ ಸೈಕಲ್), ಕ್ರೋಮೋಲಿ ಎಂಬ ಗಟ್ಟಿ ಸ್ಟೀಲ್, ಮುಂದೆ ಶಾಕ್ ಇಲ್ಲದ ಗಟ್ಟಿ ಫೋರ್ಕು. 4,500 ರೂಪಾಯಿ.

ದುಡ್ಡು ಕೊಡುವ ಮುಂಚೆ ಒಂದು ದಾರ ಕೇಳಿ ಇಸಿದುಕೊಂಡೆ. ಹಿಂದಿನ ಆಕ್ಸಲ್ ಕೂರುವ ಜಾಗದ ಒಂದು ಬದಿಯಿಂದ ದಾರ ಎಳೆದು, ಹ್ಯಾಂಡಲ್ ಕೂರುವ ಪೈಪನ್ನು ಸುತ್ತಿಸಿ, ಇನ್ನೊಂದು ಬದಿಗೆ ಕಟ್ಟಬೇಕು. ಸೀಟಿನ ಪೈಪಿಗೂ ದಾರಕ್ಕೂ ನಡುವಿನ ಅಂತರ ಎರಡೂ ಕಡೆ ಒಂದೇ ಇದ್ದರೆ ಫ್ರೇಮ್ ಸೊಟ್ಟಗಿಲ್ಲ ಅಂತ. ಹಳೇ ಸೈಕಲ್ ಕೊಳ್ಳುವವರು ಇದನ್ನು ಬಿಡಲೇಬಾರದು. ಬಣ್ಣ ಹೋಗಿದ್ದರೆ ಬಳಿಯಬಹುದು, ಸೊಟ್ಟ ಫ್ರೇಮಿಗೆ ಹಾಕಿದ ದುಡ್ಡು ವಾಪಸ್ ಬರಲ್ಲ. ಹಿಂದೆ ಹಬ್ (ಚಕ್ರದ ನಡುವಿನ ಗುಂಬ) ಕೂರುವ ಜಾಗ 135 ಮಿ.ಮೀ. ಇದೆಯಾ ಅಂತಲೂ ಅಳೆದೆ, ಎಂಟಿಬಿ ಹಬ್ಬುಗಳಿಗೆ ಸಾಮಾನ್ಯವಾಗಿದ್ದ ಅಳತೆ ಅದು. ಇತ್ತು. ಆಗಲೇ ಅರ್ಧ ಗೆದ್ದ ಹಾಗಾಯಿತು.

ಮುಂದೆ ಪೆಡಲ್ ಹತ್ತಿರ ಚೈನು ಕೂರುವ 22, 32, 44 ಹಲ್ಲಿನ ಮೂರು ಹಲ್ಲುಚಕ್ರ ಹಾಗೇ ಉಳಿಸಿಕೊಂಡೆ. ಬ್ರೇಕಿನ ರಬ್ಬರು, ಕೇಬಲ್ಲು, ಚೈನು ಹೊಸದು. ಟಯರು 1.75 ಇಂಚು ಅಗಲದ್ದು ಹಾಕಿದೆ. 2023ರ ಆಗಸ್ಟ್‌ನಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಒಳಗೆ ನಮ್ಮಂಥ ಸೈಕಲ್ಲಿನವರನ್ನು ಬಿಡುವುದಿಲ್ಲ. ಸರ್ವೀಸ್ ರಸ್ತೆಯೇ ಗತಿ. ಅಲ್ಲಿನ ಹಂಪು, ಗುಂಡಿ, ಕಬ್ಬಿನ ಟ್ರ್ಯಾಕ್ಟರ್ ಬಂದಾಗ ಇಳಿಯಬೇಕಾದ ಮಣ್ಣಿನ ಅಂಚು, ಇಷ್ಟಕ್ಕೂ ತೆಳು ಟಯರು ಸಾಲದು.

ಕ್ಯಾರಿಯರ್ ಕೂರಿಸಿದ ಮೇಲೆ ಒಂದು ತೊಂದರೆ ಕಂಡಿತು. ಪೆಡಲ್ ತುಳಿಯುವಾಗ ಹಿಮ್ಮಡಿ ಬ್ಯಾಗಿಗೆ ಬಡಿಯುತ್ತಿತ್ತು. ಲಾಂಗ್ ಹಾಲ್ ಟ್ರಕ್ಕರ್‌ನಲ್ಲಿ ಪೆಡಲ್ ಆಕ್ಸಲ್‌ನಿಂದ ಹಿಂದಿನ ಆಕ್ಸಲ್‌ಗೆ 46 ಸೆಂ.ಮೀ., ನನ್ನದರಲ್ಲಿ 43. ಆ ಮೂರು ಸೆಂ.ಮೀ. ಎಷ್ಟು ಮುಖ್ಯ ಅಂತ ಹಿಮ್ಮಡಿಗೇ ಗೊತ್ತು. ವೆಲ್ಡಿಂಗ್ ಅಂಗಡಿಯಲ್ಲಿ ಎರಡು ಕಬ್ಬಿಣದ ಪಟ್ಟಿ ಮಾಡಿಸಿ ಕ್ಯಾರಿಯರನ್ನು ಹಿಂದಕ್ಕೆ ಸರಿಸಿದೆ. ಜಾಸ್ತಿ ಸರಿಸಿದರೆ ಏರಿನಲ್ಲಿ ಮುಂದಿನ ಚಕ್ರ ಹಗುರಾಗಿ ಹ್ಯಾಂಡಲ್ ಅಲುಗುತ್ತದೆ. ಹಾಗಾಗಿ ಸಾಕಷ್ಟಕ್ಕೆ ನಿಲ್ಲಿಸಿದೆ.

ಇಷ್ಟೆಲ್ಲ ಮಾಡಿದ ನಾನು ಹಿಂದಿನ ಚಕ್ರವನ್ನು ಮಾತ್ರ ಮುಟ್ಟಿರಲಿಲ್ಲ. ನೋಡಲು ನೆಟ್ಟಗೇ ಇತ್ತಲ್ಲ.

ಮಂಡ್ಯದ ಗುತ್ತಲು ರಸ್ತೆಯ ಹತ್ತಿರ ಒಬ್ಬರು ಹಳೇ ಮೆಕ್ಯಾನಿಕ್ ಇದ್ದಾರೆ. ಚಕ್ರ ಎತ್ತಿಕೊಂಡು ಹೋದೆ. ಅವರು ತಿರುಗಿಸಿ ನೋಡಲಿಲ್ಲ. ಬೆರಳಲ್ಲಿ ಒಂದೊಂದೇ ಕಡ್ಡಿ ಮೀಟಿದರು.

“ಕೇಳಿ ಮೇಷ್ಟ್ರೇ, ಒಂದೊಂದು ಒಂದೊಂದು ಥರ ಕೂಗ್ತದೆ. ಬಿಗಿ ಇರೋವೇ ಎಲ್ಲಾ ಭಾರ ಹೊರ್ತಾವೆ, ಸಡಿಲ ಇರೋವು ಸುಮ್ನೆ ಕೂತವೆ.”

“ಹೊಸ ಕಡ್ಡಿ ಹಾಕಿದ್ರೆ ಸಾಕಾಗಲ್ವಾ ಅಣ್ಣ?”

“ಎರಡು ಹಾಕಿದ್ರೆ ಮೂರನೇದು ಹೋಯ್ತದೆ.”

ಗೇರಿಗೆ ಜಾಗ ಬಿಡಬೇಕಾದ್ದರಿಂದ ಹಿಂದಿನ ಹಬ್ಬಿನ ಬಲಗಡೆಯ ಅಂಚು ಒಳಕ್ಕೆ ಸರಿದಿರುತ್ತದೆ. ಬಲಗಡೆಯ ಕಡ್ಡಿಗಳು ಹೆಚ್ಚು ನೆಟ್ಟಗೆ ನಿಲ್ಲುತ್ತವೆ, ಹೆಚ್ಚು ಬಿಗಿಯೂ ಇರಬೇಕಾಗುತ್ತದೆ. ಅದಕ್ಕೇ ಸಾಮಾನ್ಯವಾಗಿ ಮುರಿಯುವುದು ಆ ಕಡೆಯದು, ಅದೂ ಹಬ್ಬಿನ ಹತ್ತಿರ ಕಡ್ಡಿ ಬಾಗುವ ಜಾಗದಲ್ಲಿ. ಹಳೆಯ ಫ್ರೀವೀಲ್ ಹಬ್ಬಿನಲ್ಲಿ ಇನ್ನೊಂದು ಕೊರತೆಯಿದೆ. ಬಲಗಡೆಯ ಬೇರಿಂಗ್ ತುಂಬ ಒಳಗಿರುವುದರಿಂದ ಆಕ್ಸಲ್‌ನ ತುದಿಗೆ ಆಸರೆ ಕಡಿಮೆ, ಭಾರಕ್ಕೆ ಬಾಗುತ್ತದೆ. ಕ್ಯಾಸೆಟ್ ಹಬ್ಬಿನಲ್ಲಿ (ಗೇರಿನ ಹಲ್ಲುಚಕ್ರಗಳನ್ನು ಹಬ್ಬಿನ ಮೇಲೆ ಜಾರಿಸಿ ಕೂರಿಸುವ ಬಗೆ) ಬೇರಿಂಗ್ ಹೊರಗಡೆಗೆ ಬರುತ್ತದೆ.

ಹಾಗಾಗಿ ಕ್ಯಾಸೆಟ್ ಹಬ್, ಗಟ್ಟಿ ರಿಮ್, 32ರ ಬದಲು 36 ಕಡ್ಡಿ ತಂದುಕೊಟ್ಟೆ. ಭಾನುವಾರ ಇಡೀ ಅವರ ಪಕ್ಕ ಕೂತಿದ್ದೆ. ಕಡ್ಡಿ ನೇಯ್ದು, ಕಾಲು ಕಾಲು ಸುತ್ತು ಬಿಗಿ ಮಾಡಿ, ಜೋಡಿ ಜೋಡಿ ಕಡ್ಡಿಗಳನ್ನು ಕೈಯಲ್ಲಿ ಹಿಸುಕಿ, ಮತ್ತೆ ಬೆಂಡ್ ತೆಗೆದರು. ಹಾಗೆ ಹಿಸುಕಿದರೆ ಕಡ್ಡಿಯ ಬಾಗು ಹಬ್ಬಿಗೆ ಸರಿಯಾಗಿ ಕೂರುತ್ತದೆ. ಕೊನೆಗೆ ಮೀಟಿದಾಗ ಬಲಗಡೆಯವೆಲ್ಲ ಒಂದೇ ಸ್ವರ, ಎಡಗಡೆಯವೆಲ್ಲ ಅದಕ್ಕಿಂತ ಕೆಳಗಿನ ಇನ್ನೊಂದು ಸ್ವರ. ನನಗೆ ಆ ಶಬ್ದ ಇವತ್ತಿಗೂ ಕಿವಿಯಲ್ಲಿದೆ.

ಕ್ಯಾಸೆಟ್‌ನ, ಅಂದರೆ ಹಿಂದಿನ ಗೇರಿನ, ಅತಿ ದೊಡ್ಡ ಹಲ್ಲುಚಕ್ರಕ್ಕೆ 34 ಹಲ್ಲು. ಮುಂದೆ 22, ಹಿಂದೆ 34 ಹಾಕಿದರೆ ಪೆಡಲ್ ಒಂದು ಸುತ್ತಿಗೆ ಸೈಕಲ್ ಹೋಗುವುದು ಸುಮಾರು 1.3 ಮೀಟರ್ ಅಷ್ಟೇ. ಗಂಟೆಗೆ ಐದಾರು ಕಿ.ಮೀ. ವೇಗ. ನಡೆಯುವವರೂ ಜೊತೆಗೆ ಬರಬಹುದು. ಆದರೆ ಮಂಡಿ ನೋಯುವುದಿಲ್ಲ, ಇಳಿದು ತಳ್ಳುವುದಿಲ್ಲ.

ದಸರಾ ರಜೆಯಲ್ಲಿ ಅದೇ ಭಾರ ಹೇರಿಕೊಂಡು ಮೈಸೂರು, ಹುಣಸೂರು, ಕುಶಾಲನಗರ ದಾಟಿ ಮಡಿಕೇರಿಗೆ ಹೋದೆ. ಸುಂಟಿಕೊಪ್ಪದ ಆಚೆಯ ಏರಿನಲ್ಲಿ ಬಹಳ ಹೊತ್ತು ಆ ಸಣ್ಣ ಗೇರಿನಲ್ಲೇ ಇದ್ದೆ. ಮಳೆ ಹನಿಯುತ್ತಿತ್ತು. ಕಿವಿಯೆಲ್ಲ ಹಿಂದಿನ ಚಕ್ರದ ಮೇಲೆ. ಚೈನಿನ ಸದ್ದು ಬಿಟ್ಟು ಬೇರೇನೂ ಕೇಳಲಿಲ್ಲ.

ವಾಪಸ್ ಬಂದು ಚಕ್ರ ತೋರಿಸಿದೆ. ಅಣ್ಣ ಮೀಟಿ ನೋಡಿ, ಎಡಗಡೆಯ ಎರಡು ಕಡ್ಡಿಗೆ ಮಾತ್ರ ಕಾಲು ಸುತ್ತು ಕೊಟ್ಟರು. ಆಮೇಲೆ ಮುಂದಿನ ಚಕ್ರವನ್ನು ಹಾಗೇ ಮೀಟಿ ನನ್ನ ಮುಖ ನೋಡಿದರು. ಅದಕ್ಕೂ 36 ಕಡ್ಡಿಯ ಹಬ್ ತಂದಿಟ್ಟಿದ್ದೇನೆ.