ಅಪ್ಪನ ಫ್ಲಾಪಿಯನ್ನು ಬ್ರೌಸರಿನಲ್ಲಿ ತೆರೆದದ್ದು ಹೀಗೆ

ಅಪ್ಪ ಪತ್ರಗಳನ್ನೆಲ್ಲ ಹಳೇ ಕಾಲದ ಬರಹದ ಪ್ರೋಗ್ರಾಮ್ ಆದ ವರ್ಡ್‌ಸ್ಟಾರ್‌ನಲ್ಲಿ ಬರೆಯುತ್ತಿದ್ದರು. ಕೊನೆಗೆ ಉಳಿದದ್ದು ಐದೂಕಾಲು ಇಂಚಿನ ಒಂದೇ ಫ್ಲಾಪಿ. ಕಂಪ್ಯೂಟರ್ ನಡೆಸುವ ಡಾಸ್, ವರ್ಡ್‌ಸ್ಟಾರ್, ಪತ್ರಗಳು ಎಲ್ಲವೂ ಅದರಲ್ಲೇ. ಹಳೇ ಡ್ರೈವ್ ಇಟ್ಟುಕೊಂಡಿದ್ದ ಗೆಳತಿಯೊಬ್ಬಳು ಅದರ ಇಮೇಜ್ ಫೈಲ್, ಅಂದರೆ ಇಡೀ ಡಿಸ್ಕಿನ ಯಥಾವತ್ ಪ್ರತಿ, ತೆಗೆದುಕೊಟ್ಟಳು. ಆಮೇಲೆ ಹಳೇ ಕಂಪ್ಯೂಟರ್ ಬೇಕಾಗಲೇ ಇಲ್ಲ. ಬ್ರೌಸರಿನ ಟ್ಯಾಬಿನಲ್ಲೇ ಅಪ್ಪನ ಪತ್ರಗಳು ತೆರೆದವು.

ನಿಮ್ಮ ಡಿಸ್ಕ್ ಮುಟ್ಟುವ ಮೊದಲು ಸ್ವಲ್ಪ ಕೈ ಪಳಗಿಸಿಕೊಳ್ಳಿ. ಅದಕ್ಕೆ ಹಳೇ ಕಂಪ್ಯೂಟರ್‌ಗಳನ್ನು ಬ್ರೌಸರಿನಲ್ಲೇ ನಡೆಸುವ ಪಿಸಿಜೆಎಸ್ ತಾಣ ಒಳ್ಳೆಯದು. 1981ರ ಐಬಿಎಂ ಪಿಸಿಯನ್ನು, ಅದರ 4.77 ಮೆಗಾಹರ್ಟ್ಸ್ ವೇಗದ ಸಮೇತ, ಅಲ್ಲಿ ನಡೆಸಬಹುದು. ಹಳೇ ಸ್ಪ್ರೆಡ್‌ಶೀಟ್ ಪ್ರೋಗ್ರಾಮ್ ವಿಸಿಕ್ಯಾಲ್ಕ್ ತೆರೆದು ನೋಡಿ. ಪಿಸಿಗೆ ಬಂದ ಆ ಪ್ರೋಗ್ರಾಮಿನ ಗಾತ್ರ ಬರೀ 27,520 ಬೈಟ್! ಮೊದಲ ಎರಡು ಮನೆಗಳಲ್ಲಿ ಒಂದೊಂದು ಸಂಖ್ಯೆ ಹಾಕಿ. ಮೂರನೆಯದರಲ್ಲಿ ಪ್ಲಸ್ ಚಿಹ್ನೆಯಿಂದ ಶುರುಮಾಡಿ ಆ ಎರಡು ಮನೆಗಳ ಹೆಸರು ಕೂಡಿಸಿ. ಈಗಿನ ಹಾಗೆ ಈಕ್ವಲ್ಸ್ ಚಿಹ್ನೆ ಅಲ್ಲ. ಮೆನು ಬೇಕಾದರೆ ಓರೆಗೆರೆ ಒತ್ತಿ. ಮೌಸ್ ಕಡೆಗೆ ಕೈ ಹೋಗುವುದು ನಿಂತರೆ ನೀವು ತಯಾರು.

ಈಗ ಸ್ವಂತ ಡಿಸ್ಕ್. ಮೊದಲು ಇಮೇಜ್ ಫೈಲಿನ ಗಾತ್ರ ನೋಡಿ. 360 ಕೆಬಿ ಫ್ಲಾಪಿಗೆ 40 ಟ್ರ್ಯಾಕ್, 2 ಬದಿ, ಟ್ರ್ಯಾಕಿಗೆ 9 ಸೆಕ್ಟರ್, ಸೆಕ್ಟರಿಗೆ 512 ಬೈಟ್. ಗುಣಿಸಿದರೆ ಸರಿಯಾಗಿ 368,640. ಅದಕ್ಕಿಂತ ಕಡಿಮೆ ಇದ್ದರೆ ಡಿಸ್ಕ್ ಪೂರ್ತಿ ಓದಿಲ್ಲ ಅಂತ ಅರ್ಥ, ಇನ್ನೊಮ್ಮೆ ತೆಗೆಸಿ. 1.44 ಎಂಬಿ ಫ್ಲಾಪಿಯಾದರೆ 1,474,560 ಬರಬೇಕು. ಇಮೇಜಿನ ಒಂದು ಪ್ರತಿ ಬೇರೆ ಕಡೆ ಇಟ್ಟುಬಿಡಿ. ಅದನ್ನು ಯಾವತ್ತೂ ತೆರೆಯಬೇಡಿ.

ನಾನು ಬಳಸಿದ್ದು ವಿ86 ಎಂಬ ಎಮ್ಯುಲೇಟರ್, ಅಂದರೆ ಹಳೇ ಕಂಪ್ಯೂಟರಿನಂತೆ ನಡೆದುಕೊಳ್ಳುವ ಪ್ರೋಗ್ರಾಮ್. ಹಳೇ ಪ್ರೊಸೆಸರಿನ ಆದೇಶಗಳನ್ನು ಅದು ಆಗಿಂದಾಗ್ಗೆ ಬ್ರೌಸರ್ ನಡೆಸಬಲ್ಲ ಸಂಕೇತವಾದ ವೆಬ್‌ಅಸೆಂಬ್ಲಿಗೆ ತಿರುಗಿಸುತ್ತದೆ. ಕೆಲಸವೆಲ್ಲ ನಿಮ್ಮ ಕಂಪ್ಯೂಟರಿನಲ್ಲೇ ನಡೆಯುತ್ತದೆ, ನೀವು ಕೊಟ್ಟ ಫೈಲ್ ಬೇರೆಲ್ಲಿಗೂ ಹೋಗುವುದಿಲ್ಲ. ಮನೆಯವರ ಪತ್ರಗಳಾದ್ದರಿಂದ ನನಗೆ ಇದು ತುಂಬಾ ಮುಖ್ಯವಾಗಿತ್ತು. ಫ್ಲಾಪಿ ಇಮೇಜ್ ಎಂಬಲ್ಲಿ ಫೈಲ್ ಆರಿಸಿ ಎಮ್ಯುಲೇಷನ್ ಶುರುಮಾಡಿ. ಡಾಸ್ ತಾರೀಖು, ಸಮಯ ಕೇಳಿದರೆ ಎರಡು ಸಲ ಎಂಟರ್ ಒತ್ತಿ. ವರ್ಡ್‌ಸ್ಟಾರ್ ತೆರೆಯಲು ಡಬ್ಲ್ಯೂ, ಎಸ್ ಟೈಪ್ ಮಾಡಿ ಎಂಟರ್ ಒತ್ತಿ. ಅದರ ಮೊದಲ ಮೆನುವಿನಲ್ಲಿ ಡಿ ಒತ್ತಿ ಪತ್ರದ ಹೆಸರು ಕೊಡಿ.

ಇಲ್ಲಿಂದ ಹುಷಾರಾಗಿರಿ. ಕೀಲಿ ಒತ್ತಿದಾಗ ಅದು ಮೊದಲು ಸಿಗುವುದು ಬ್ರೌಸರಿಗೆ, ಆಮೇಲೆ ವರ್ಡ್‌ಸ್ಟಾರಿಗೆ. ವರ್ಡ್‌ಸ್ಟಾರಿನಲ್ಲಿ ಕಂಟ್ರೋಲ್ ಡಬ್ಲ್ಯೂ ಒತ್ತಿದರೆ ಪುಟ ಒಂದು ಸಾಲು ಸರಿಯುತ್ತದೆ. ಬ್ರೌಸರಿನಲ್ಲಿ ಅದೇ ಒತ್ತಿದರೆ ಟ್ಯಾಬೇ ಮುಚ್ಚಿಹೋಗುತ್ತದೆ! ಅಪ್ಪನ ಪತ್ರಗಳಿಗೆ ಅರ್ಧ ಗಂಟೆ ಕೂತು ಬರೆದ ಟಿಪ್ಪಣಿಗಳೆಲ್ಲ ನನಗೆ ಹಾಗೇ ಹೋದವು. ಮುಚ್ಚಿದ ಟ್ಯಾಬನ್ನು ಮತ್ತೆ ತೆರೆದರೆ ಯಂತ್ರ ಮೊದಲಿನಿಂದ ಶುರುವಾಗುತ್ತದೆ ಅಷ್ಟೇ. ಕಂಟ್ರೋಲ್ ಟಿ, ಕಂಟ್ರೋಲ್ ಎನ್ ಕೂಡ ಹೀಗೇ ಬ್ರೌಸರಿನ ಪಾಲು. ಇವುಗಳ ಬದಲು ಬಾಣದ ಕೀಲಿ, ಪೇಜ್ ಅಪ್, ಡಿಲೀಟ್, ಎಂಟರ್ ಬಳಸಿ.

ಉಳಿಸುವುದಕ್ಕೆ ಎರಡು ಹೆಜ್ಜೆ ಬೇಕು, ಒಂದು ಸಾಲದು. ವರ್ಡ್‌ಸ್ಟಾರಿನಲ್ಲಿ ಕಂಟ್ರೋಲ್ ಕೆ, ಆಮೇಲೆ ಡಿ ಒತ್ತಿದರೆ ಫ್ಲಾಪಿಗೆ ಬರೆದ ಹಾಗೆ ಕಾಣುತ್ತದೆ, ಅಲ್ವಾ? ಆದರೆ ಆ ಫ್ಲಾಪಿ ಇರುವುದು ಟ್ಯಾಬಿನ ಮೆಮೊರಿಯಲ್ಲಿ ಮಾತ್ರ. ಪರದೆಯ ಹತ್ತಿರ ಫ್ಲಾಪಿ ಇಮೇಜ್ ಪಡೆಯುವ ಬಟನ್ ಇದೆ. ಅದನ್ನು ಒತ್ತಿ, ಬದಲಾದ ಇಮೇಜನ್ನು ಬೇರೆ ಹೆಸರಿನಲ್ಲಿ ಇಳಿಸಿಕೊಳ್ಳಿ. ಕೆಲಸದ ಮಧ್ಯೆ ಎದ್ದು ಹೋಗಬೇಕಾದರೆ ಸೇವ್ ಸ್ಟೇಟ್ ಬಟನ್ ಒತ್ತಿ. ಇಡೀ ಯಂತ್ರ ಇದ್ದ ಸ್ಥಿತಿಯಲ್ಲೇ ಒಂದು ಫೈಲಾಗಿ ಸಿಗುತ್ತದೆ, ಕರ್ಸರ್ ನಿಂತ ಜಾಗದ ಸಮೇತ.

ಪತ್ರಗಳನ್ನು ಈಗಿನ ಎಡಿಟರಿನಲ್ಲಿ ನೇರವಾಗಿ ತೆರೆದರೆ ಪದಗಳ ಕೊನೆಯಲ್ಲಿ ವಿಚಿತ್ರ ಅಕ್ಷರಗಳು ಕಾಣುತ್ತವೆ. ಫೈಲ್ ಕೆಟ್ಟಿದೆ ಅಂತ ಎಸೆಯಬೇಡಿ. ಹಳೇ ವರ್ಡ್‌ಸ್ಟಾರ್ ಪದದ ಕೊನೆಯ ಅಕ್ಷರಕ್ಕೆ ಎಂಟನೇ ಬಿಟ್ಟನ್ನೂ, ಅಂದರೆ 128ರ ಬೆಲೆಯನ್ನೂ, ಸೇರಿಸುತ್ತಿತ್ತು. ಹಾಗಾಗಿ ಇಂಗ್ಲಿಷಿನ ಸಣ್ಣ ಇ ಅಕ್ಷರದ ಸಂಕೇತ ಸಂಖ್ಯೆ 101 ಅಲ್ಲಿ 229 ಆಗಿರುತ್ತದೆ. 128 ಅಥವಾ ಅದಕ್ಕಿಂತ ಜಾಸ್ತಿ ಇರುವ ಪ್ರತಿ ಬೈಟಿನಿಂದ 128 ಕಳೆಯುವ ಸಣ್ಣ ಪ್ರೋಗ್ರಾಮ್ ಬರೆದರೆ ಸಾಕು. ನನ್ನದು ಆರು ಸಾಲಿನದು. ಅದನ್ನು ಓಡಿಸಿದ ಮೇಲೆ ಅಪ್ಪನ ಹನ್ನೊಂದು ಪತ್ರಗಳೂ ನೆಟ್ಟಗೆ ಓದಲು ಬಂದವು.