ಮಳೆಗಾಲದ ಬರ್ತ್‌ಡೇ, ಗೋಡೆಗೆ ಟೇಪ್ ನಿಲ್ತಿರ್ಲಿಲ್ಲ, ಹೀಗೆ ಸರಿ ಮಾಡ್ದೆ

ಜುಲೈ ತಿಂಗಳ ಮುಂಬೈ ಮಳೆ, ಗೋಡೆಯೆಲ್ಲಾ ತೇವ, ಮಗಳ ಬರ್ತ್‌ಡೇಗೆ ಸಮುದ್ರದ ಥೀಮ್ ಅಂತ ಕ್ರಾಫರ್ಡ್ ಮಾರ್ಕೆಟ್ಟಿಂದ ತಂದ ನೀಲಿ ಪೇಪರ್ ಅಂಟಿಸಿದ್ರೆ ಟೇಪ್ ಸಮೇತ ಕಿತ್ಕೊಂಡು ಬೀಳ್ತಿತ್ತು. ಟೇಪ್ ಸಹವಾಸವೇ ಬೇಡ ಅಂತ ಕರ್ಟನ್ ರಾಡ್‌ಗೆ ಅಮ್ಮನ ನೀಲಿ ಇಳಕಲ್ ಸೀರೆ ಇಳಿಬಿಟ್ಟೆ, ರಾಡಿಂದಲೇ ದಾರದಲ್ಲಿ ಮೀನು, ಆಮೆ ಕಟೌಟ್ ನೇತುಹಾಕ್ದೆ, ಫ್ಯಾನ್ ಗಾಳಿಗೆ ಸೀರೆ ಅಲುಗಾಡ್ತಾ ಇದ್ರೆ ಮೀನುಗಳು ನಿಜವಾಗ್ಲೂ ಈಜ್ತಿದ್ವು, ಎಷ್ಟು ಚೆನ್ನಾಗಿತ್ತು ಗೊತ್ತಾ!

ಕೇಕ್‌ಗೆ ಫಾಂಡಂಟ್, ಅಂದ್ರೆ ಮೇಲೆ ಹೊದಿಸೋ ಸಕ್ಕರೆ ಪದರ, ಬೇಡ ಅಂದೆ. ಅದರ ಸಕ್ಕರೆ ತೇವ ಎಳ್ಕೊಳ್ಳುತ್ತೆ, ಈ ಹವೆಯಲ್ಲಿ ಫ್ರಿಜ್ಜಿಂದ ತೆಗೆದ್ರೆ ಬೆವರಿ ಅಂಟಂಟಾಗುತ್ತೆ. ಬಟರ್‌ಕ್ರೀಮ್ ಮಾಡಿಸಿ, ಕತ್ತರಿಸೋವರೆಗೂ ತಂಪಲ್ಲಿಡಿ.

ಒಡೆದ ಬಲೂನ್ ಚೂರು ಮಾತ್ರ ತಕ್ಷಣ ಎತ್ತಿಬಿಡಿ, ಪುಟ್ಟ ಮಕ್ಕಳು ಬಾಯಿಗೆ ಹಾಕ್ಕೊಂಡ್ರೆ ಉಸಿರು ಕಟ್ಟುತ್ತೆ.