ನೀರು ಬಿಡದ ಬೀಫ್ ಟಾಕೊ: ನಾನು ಮಾಡುವ ಬಗೆ

ಟಾಕೊ ಎಂದರೆ ಮಡಚಿದ ಮೆಕ್ಕೆಜೋಳದ ರೊಟ್ಟಿಯೊಳಗೆ ಮಾಂಸ ತುಂಬಿದ ಮೆಕ್ಸಿಕೋ ಬಗೆಯ ತಿನಿಸು. ಅದನ್ನು ಕಚ್ಚಿದಾಗ ಹಿಂಬದಿಯಿಂದ ಕೇಸರಿ ಬಣ್ಣದ ನೀರು ತೊಟ್ಟಿಕ್ಕಿ ಮುಂಗೈಗೆ ಇಳಿದರೆ ಮಸಾಲೆಯನ್ನು ಬೈದು ಫಲವಿಲ್ಲ. ಮಸಾಲೆ ಬಾಣಲೆಗೆ ಬೀಳುವ ಹೊತ್ತಿಗೆ ಕೆಲಸ ಕೆಟ್ಟಾಗಿರುತ್ತದೆ. ಈ ಅಡುಗೆಯಲ್ಲಿ ಎರಡು ನೀರಿದೆ. ಒಂದು ಮಾಂಸವೇ ಬಿಡುವ ನೀರು, ಇನ್ನೊಂದು ಮಸಾಲೆ ಹಾಕಿದ ಮೇಲೆ ನಾವು ಸುರಿಯುವ ನೀರು. ಮೊದಲನೆಯದು ಪೂರ್ತಿ ಆವಿಯಾಗಿ ಹೋಗಬೇಕು. ಎರಡನೆಯದು ಆವಿಯಾಗಬಾರದು, ಮಾಂಸಕ್ಕೆ ಅಂಟಿಕೊಳ್ಳಬೇಕು. ಎರಡನ್ನೂ ಒಂದೇ ಸಲ ಒಂದೇ ಬಾಣಲೆಯಲ್ಲಿ ಬೆರೆಸಿ ಕುದಿಸಿದರೆ ಸಿಗುವುದು ಖಾರದ ಸಾರಿನಲ್ಲಿ ಮುಳುಗಿದ ಬೂದುಬಣ್ಣದ ಕೈಮಾ.

ಕೊಬ್ಬು ಕಡಿಮೆ ಇದ್ದರೆ ನೀರೂ ಕಡಿಮೆ ಎಂದುಕೊಳ್ಳುವವರೇ ಹೆಚ್ಚು. ಇರುವುದು ಉಲ್ಟಾ. ನೂರಕ್ಕೆ 20 ಪಾಲು ಕೊಬ್ಬಿರುವ ಬೀಫ್ ಕೈಮಾದಲ್ಲಿ ತೂಕದ ಸುಮಾರು 60 ಪಾಲು ನೀರು. ಕೊಬ್ಬು 10 ಪಾಲಿಗೆ ಇಳಿದರೆ ನೀರು 70ಕ್ಕೆ ಹತ್ತಿರ ಹೋಗುತ್ತದೆ. ಅದಕ್ಕೇ ನಾನು ಟಾಕೊಗೆ 80–20 ಬಿಟ್ಟು ಬೇರೆ ಕೊಳ್ಳುವುದಿಲ್ಲ. ಹೆಚ್ಚಿನ ಕೊಬ್ಬನ್ನು ಆಮೇಲೆ ಚಮಚದಲ್ಲಿ ತೆಗೆಯಬಹುದು, ಇಲ್ಲದ ಕೊಬ್ಬನ್ನು ತರಲಾಗುವುದಿಲ್ಲ. ಭುಜದ ಭಾಗದ ಮಾಂಸ, ಸ್ವಲ್ಪ ದಪ್ಪಗೆ ಕೊಚ್ಚಿದ್ದು ಸಿಕ್ಕರೆ ಅದೇ ಒಳ್ಳೆಯದು. ತೀರಾ ನುಣ್ಣಗೆ ಕೊಚ್ಚಿದ್ದು ಎಲ್ಲ ಕಡೆಯಿಂದಲೂ ನೀರು ಬಿಡುತ್ತದೆ. ಫ್ರೀಜರ್‌ನಲ್ಲಿದ್ದ ಮಾಂಸ ಇನ್ನೂ ಹೆಚ್ಚು ಬಿಡುತ್ತದೆ, ಏಕೆಂದರೆ ಒಳಗಿನ ಮಂಜಿನ ಹರಳುಗಳು ಕೋಶಗಳನ್ನು ಸೀಳಿರುತ್ತವೆ. ಅದನ್ನು ಹಿಂದಿನ ದಿನವೇ ಫ್ರಿಜ್‌ನ ಕೆಳಗಿನ ಖಾನೆಗೆ ಇಳಿಸಿ, ಬಾಣಲೆಗೆ ಹಾಕುವ ಮೊದಲು ಪೇಪರ್ ಟವೆಲ್‌ನಲ್ಲಿ ಒತ್ತಿ ಒರೆಸಬೇಕು.

ಇಲ್ಲಿ ಹೇಳುವ ಅಳತೆಯೆಲ್ಲ 500 ಗ್ರಾಂ ಕೈಮಾಕ್ಕೆ. ಹತ್ತು ಹನ್ನೆರಡು ಟಾಕೊ ಆಗುತ್ತದೆ.

ಬಾಣಲೆ 30 ಸೆಂ.ಮೀ. ಅಗಲದ್ದು, ತಳ ದಪ್ಪದ್ದು ಬೇಕು. ಎರಕದ ಕಬ್ಬಿಣ ಅಥವಾ ಸ್ಟೀಲ್. ನಾನ್‌ಸ್ಟಿಕ್ ಪಾತ್ರೆಯನ್ನು ಇಲ್ಲಿ ಬೇಕಾದಷ್ಟು ಕಾಯಿಸುವುದು ಸರಿಯಲ್ಲ, ತಳಕ್ಕೆ ರುಚಿಯೂ ಹಿಡಿಯುವುದಿಲ್ಲ. ಮಾಂಸ 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಂದಾಗ ಅದರ ಪ್ರೋಟೀನು ಕುಗ್ಗಿ, ಹಿಂಡಿದ ಬಟ್ಟೆಯಂತೆ ನೀರು ಬಿಡುತ್ತದೆ. ಆ ನೀರು ಬಂದಷ್ಟೇ ಬೇಗ ಆವಿಯಾದರೆ ತಳ ಬಿಸಿಯಾಗಿಯೇ ಉಳಿಯುತ್ತದೆ. ಆವಿಯಾಗದೆ ಮಡುಗಟ್ಟಿದರೆ ಮಾಂಸ 100 ಡಿಗ್ರಿಯಲ್ಲೇ ಕುಳಿತುಬಿಡುತ್ತದೆ. ಕಂದು ಬಣ್ಣವೂ ಹುರಿದ ಪರಿಮಳವೂ ಹುಟ್ಟಲು ಸುಮಾರು 140 ಡಿಗ್ರಿ ಬೇಕು. ಇಕ್ಕಟ್ಟಾದ ಪಾತ್ರೆಯಲ್ಲಿ ಎಷ್ಟೇ ಉರಿ ಹಾಕಿದರೂ ಮಾಂಸ ಬೇಯುತ್ತದೆಯೇ ಹೊರತು ಹುರಿಯುವುದಿಲ್ಲ. 24 ಸೆಂ.ಮೀ. ಪಾತ್ರೆಯೇ ಗತಿ ಎಂದಾದರೆ ಎರಡು ಸಲಕ್ಕೆ ಮಾಡಿ.

ಸಣ್ಣ ಬಾಣಲೆಗೆ, ಫ್ರೀಜರ್ ಮಾಂಸಕ್ಕೆ ಇನ್ನೊಂದು ಉಪಾಯವಿದೆ: ಅಡುಗೆ ಸೋಡಾ. ಕಾಲು ಟೀಚಮಚ ಸೋಡಾವನ್ನು ಒಂದು ದೊಡ್ಡ ಚಮಚ ನೀರಿನಲ್ಲಿ ಕರಗಿಸಿ ಕೈಮಾದ ಮೇಲೆ ಚಿಮುಕಿಸಿ, ಹಗುರವಾಗಿ ಕಲಸಿ 15 ನಿಮಿಷ ಬಿಡುವುದು. ಸೋಡಾ ಮಾಂಸವನ್ನು ಸ್ವಲ್ಪ ಕ್ಷಾರಕ್ಕೆ ತಿರುಗಿಸುವುದರಿಂದ ಪ್ರೋಟೀನು ಬಿಗಿಯಾಗಿ ಕುಗ್ಗದೆ ನೀರನ್ನು ಒಳಗೇ ಹಿಡಿದಿಟ್ಟುಕೊಳ್ಳುತ್ತದೆ, ಕಂದು ಬಣ್ಣವೂ ಬೇಗ ಬರುತ್ತದೆ. ಅರ್ಧ ಟೀಚಮಚ ದಾಟಿದರೆ ಸೋಪಿನ ರುಚಿ ಖಂಡಿತ. ಬಾಣಲೆ ಅಗಲವಾಗಿದ್ದು ಮಾಂಸ ತಾಜಾ ಇದ್ದರೆ ನಾನು ಸೋಡಾ ಮುಟ್ಟುವುದಿಲ್ಲ, ಅಗತ್ಯವೂ ಬೀಳುವುದಿಲ್ಲ.

ಉಪ್ಪನ್ನು ಮಾತ್ರ ಈ ಹಂತದಲ್ಲಿ ಕಲಸಬಾರದು. ಹಸಿ ಕೈಮಾಕ್ಕೆ ಉಪ್ಪು ಕಲಸಿ ಇಟ್ಟರೆ ಪ್ರೋಟೀನು ಕರಗಿ ಅಂಟಾಗುತ್ತದೆ. ಸಾಸೇಜಿಗೆ ಅದು ಬೇಕು, ಟಾಕೊಗೆ ಬೇಡ. ಉದುರಾಗಬೇಕಾದದ್ದು ರಬ್ಬರಿನಂತೆ ಗಂಟುಗಂಟಾಗುತ್ತದೆ.

ಇನ್ನು ಹುರಿಯುವುದು. ಖಾಲಿ ಬಾಣಲೆಯನ್ನು ದೊಡ್ಡ ಉರಿಗಿಂತ ತುಸು ಕೆಳಗೆ ಮೂರು ನಿಮಿಷ ಕಾಯಿಸಿ, ಎರಡು ಟೀಚಮಚ ವಾಸನೆಯಿಲ್ಲದ ಎಣ್ಣೆ ಹಾಕುತ್ತೇನೆ. ಎಣ್ಣೆ ಅಲುಗಾಡಿ ಮಿನುಗಿ, ಹೊಗೆ ಬರಬೇಕೋ ಬೇಡವೋ ಎನ್ನುವಾಗ ಕೈಮಾವನ್ನು ಒಡೆಯದೆ, ದಪ್ಪ ರೊಟ್ಟಿಯಂತೆ ಒಂದೂವರೆ ಸೆಂ.ಮೀ. ದಪ್ಪಕ್ಕೆ ಹರಡಿ ಒತ್ತುತ್ತೇನೆ. ಆಮೇಲೆ ನಾಲ್ಕೈದು ನಿಮಿಷ ಕೈ ಕಟ್ಟಿ ನಿಲ್ಲುವುದು. ಇದೇ ಕಷ್ಟದ ಭಾಗ. ಸೌಟು ಆಡಿಸುತ್ತಲೇ ಇದ್ದರೆ ತಣ್ಣನೆಯ ಮಾಂಸ ಮತ್ತೆ ಮತ್ತೆ ತಳ ಸೇರಿ ಬಾಣಲೆಯ ಕಾವನ್ನು ಕದಿಯುತ್ತದೆ. ಅಂಚು ಕಂದಾಗಿ, ಮೂಲೆ ಎತ್ತಿದರೆ ತಳ ಸುಟ್ಟ ಬೆಲ್ಲದ ಬಣ್ಣಕ್ಕೆ ಬಂದಿರುವಾಗ ನಾಲ್ಕು ತುಂಡು ಮಾಡಿ ಮಗುಚಿ, ಮುಕ್ಕಾಲು ಟೀಚಮಚ ಉಪ್ಪು ಉದುರಿಸಿ, ಇನ್ನೆರಡು ನಿಮಿಷ ಬಿಟ್ಟು ಆಮೇಲೆ ಪುಡಿ ಮಾಡುತ್ತೇನೆ. ಎಲ್ಲ ಚೂರೂ ಕಂದಾಗಲಿ ಎಂದು ಹಟ ಹಿಡಿದರೆ ಕೈಮಾ ಒಣಗಿ ಮರಳಿನಂತಾಗುತ್ತದೆ. ಅರ್ಧ ಕೆಂಪಗೆ ಹುರಿದು ಉಳಿದರ್ಧ ಬರಿದೇ ಬೆಂದಿದ್ದರೆ ಸಾಕು. ಹುರಿದರ್ಧ ರುಚಿ ಕೊಡುತ್ತದೆ, ಬೆಂದರ್ಧ ಮೃದುತನ ಕೊಡುತ್ತದೆ.

ಪುಡಿ ಮಾಡುವಾಗ ನಡುಭಾಗದಿಂದ ಮತ್ತಷ್ಟು ನೀರು ಬರುತ್ತದೆ. ಇದನ್ನು ಕಂಡು ಗಾಬರಿಯಾಗಿ ಬಾಣಲೆ ಬಾಗಿಸಿ ಬಸಿದುಬಿಡುವವರಿದ್ದಾರೆ. ಹೋಗುವುದು ಕೊಬ್ಬಲ್ಲ, ಮಾಂಸದ ರಸ. ಬಸಿಯಬೇಡಿ, ಉರಿ ಇಳಿಸಲೂ ಬೇಡಿ. ಕಿವಿಗೊಡಿ. ನೀರಿರುವ ತನಕ ಗುಳುಗುಳು ಎಂದು ಕುದಿಯುವ ಸದ್ದು. ನೀರು ಬತ್ತಿದ ಕ್ಷಣ ಅದು ಚಟಪಟ, ಚುರ್ರ್ ಎಂದು ಒಣ ಸದ್ದಾಗುತ್ತದೆ. ಮೋಡದಂತಿದ್ದ ದ್ರವ ತಿಳಿಯಾಗಿ ಬರೀ ಕೊಬ್ಬು ಉಳಿಯುತ್ತದೆ. ಮೊದಲ ನೀರಿನ ಕತೆ ಅಲ್ಲಿಗೆ ಮುಗಿಯಿತು. ಈಗ ಮಾಂಸವನ್ನು ಜಾಲರಿ ಸೌಟಿನಲ್ಲಿ ತಟ್ಟೆಗೆ ತೆಗೆದು, ಬಾಣಲೆಯಲ್ಲಿ ಒಂದೂವರೆ ದೊಡ್ಡ ಚಮಚ ಕೊಬ್ಬು ಬಿಟ್ಟು ಉಳಿದದ್ದನ್ನು ಹಳೆಯ ಡಬ್ಬಕ್ಕೆ ಸುರಿಯುತ್ತೇನೆ. ಸಿಂಕಿಗೆ ಸುರಿದರೆ ಪೈಪಿನೊಳಗೆ ಗಟ್ಟಿಯಾಗುತ್ತದೆ.

ಈರುಳ್ಳಿ ಇಲ್ಲಿಯವರೆಗೆ ಯಾಕೆ ಬರಲಿಲ್ಲ? ಒಂದು ಮಧ್ಯಮ ಈರುಳ್ಳಿ, ಅಂದರೆ 150 ಗ್ರಾಂ ಎಂದಿಟ್ಟುಕೊಂಡರೆ, ಅದರಲ್ಲಿ ಸುಮಾರು 130 ಮಿ.ಲೀ. ನೀರೇ. ಮಾಂಸದ ಜೊತೆ ಹಾಕುವುದೂ ಅರ್ಧ ಲೋಟ ನೀರು ಸುರಿಯುವುದೂ ಹೆಚ್ಚುಕಮ್ಮಿ ಒಂದೇ. ಸಣ್ಣಗೆ ಹೆಚ್ಚಿ, ಉಳಿಸಿಕೊಂಡ ಕೊಬ್ಬಿನಲ್ಲಿ ಮಧ್ಯಮ ಉರಿಯಲ್ಲಿ ಐದಾರು ನಿಮಿಷ ಬಾಡಿಸಿ, ಅಂಚು ಹೊಂಬಣ್ಣವಾಗುವವರೆಗೆ. ಅದರ ನೀರೇ ಬಾಣಲೆಯ ತಳಕ್ಕೆ ಹಿಡಿದ ಕಂದು ಪದರವನ್ನು ಬಿಡಿಸುತ್ತದೆ. ಆ ಪದರವನ್ನು ಕೆರೆದು ಸೇರಿಸಿಕೊಳ್ಳಿ. ಆಮೇಲೆ ಜಜ್ಜಿದ ಮೂರು ಎಸಳು ಬೆಳ್ಳುಳ್ಳಿ ಅರ್ಧ ನಿಮಿಷ, ಒಂದು ದೊಡ್ಡ ಚಮಚ ಟೊಮೆಟೊ ಪೇಸ್ಟ್ ಒಂದು ನಿಮಿಷ. ಪೇಸ್ಟ್ ಕೆಂಪಿನಿಂದ ಇಟ್ಟಿಗೆ ಬಣ್ಣಕ್ಕೆ ತಿರುಗಬೇಕು. ಹಸಿ ಟೊಮೆಟೊ ಹಾಕುವುದಿದ್ದರೆ ಇಷ್ಟು ಹೊತ್ತು ಪಟ್ಟ ಕಷ್ಟವೆಲ್ಲ ನೀರಿನಲ್ಲಿ ಹೋಮ.

ಮಸಾಲೆಯಲ್ಲಿ ಒಂದು ಗೊಂದಲ ಎಲ್ಲರನ್ನೂ ಎಡವಿಸುತ್ತದೆ. ಅಮೆರಿಕದ ಪಾಕವಿಧಾನಗಳು ‘ಚಿಲಿ ಪೌಡರ್’ ಎನ್ನುವುದು ಬರೀ ಮೆಣಸಿನ ಪುಡಿಯಲ್ಲ. ಖಾರ ಕಡಿಮೆಯ ಮೆಣಸಿಗೆ ಜೀರಿಗೆ, ಒರೆಗಾನೊ, ಬೆಳ್ಳುಳ್ಳಿ ಪುಡಿ, ಕೆಲವೊಮ್ಮೆ ಉಪ್ಪೂ ಬೆರೆಸಿದ ಮಿಶ್ರಣ ಅದು. ಅಲ್ಲಿ ಎರಡು ದೊಡ್ಡ ಚಮಚ ಎಂದು ಬರೆದಿದ್ದನ್ನು ಅಚ್ಚ ಖಾರದ ಪುಡಿಯಲ್ಲಿ ಹಾಕಿದರೆ ತಿನ್ನಲಾಗದು. ನಾನು ಬೆರೆಸುವುದು ಹೀಗೆ: ಆಂಚೊ ಮೆಣಸಿನ ಪುಡಿ ಒಂದು ದೊಡ್ಡ ಚಮಚ, ಜೀರಿಗೆ ಪುಡಿ ಎರಡು ಟೀಚಮಚ, ಪ್ಯಾಪ್ರಿಕಾ ಒಂದು ಟೀಚಮಚ, ಕೊತ್ತಂಬರಿ ಬೀಜದ ಪುಡಿ ಒಂದು ಟೀಚಮಚ, ಒಣ ಒರೆಗಾನೊ ಒಂದು ಟೀಚಮಚ, ಖಾರದ ಪುಡಿ ಕಾಲು ಟೀಚಮಚ. ಆಂಚೊ ಎಂದರೆ ಹಣ್ಣಾದ ಪೊಬ್ಲಾನೊ ಮೆಣಸು ಒಣಗಿಸಿದ್ದು. ಅದು ಇಲ್ಲದಿದ್ದರೆ ಬಣ್ಣ ಜಾಸ್ತಿ ಖಾರ ಕಮ್ಮಿ ಇರುವ ಯಾವುದೇ ಮೆಣಸಿನ ಪುಡಿ ಎರಡು ಟೀಚಮಚ ಸಾಕು. ಮೆಕ್ಸಿಕೋದ ಒರೆಗಾನೊ ಪಿಜ್ಜಾದ ಮೇಲಿನದ್ದಲ್ಲ, ಬೇರೆಯೇ ಸಸ್ಯಕುಟುಂಬದ್ದು, ನಿಂಬೆಯ ಛಾಯೆ ಇದೆ. ಸಿಕ್ಕರೆ ಅದನ್ನೇ ಬಳಸಿ.

ಈ ಪುಡಿಗಳು ಕೊಬ್ಬಿನಲ್ಲಿ 30ರಿಂದ 40 ಸೆಕೆಂಡ್ ಹುರಿಯಬೇಕು. ಮೆಣಸು, ಜೀರಿಗೆಯ ಪರಿಮಳದ ಬಹುಪಾಲು ಕರಗುವುದು ಕೊಬ್ಬಿನಲ್ಲಿ, ನೀರಿನಲ್ಲಲ್ಲ. ನೀರು ಹಾಕಿದ ಮೇಲೆ ಪುಡಿ ಉದುರಿಸಿದರೆ ಹಸಿ ವಾಸನೆ ಕೊನೆಯವರೆಗೂ ಹೋಗುವುದಿಲ್ಲ. ಒಂದು ನಿಮಿಷ ದಾಟಿದರೆ ಸೀದು ಕಹಿಯಾಗುತ್ತದೆ. ಹಾಗಾಗಿ ನೀರಿನ ಲೋಟ ಕೈಯಲ್ಲೇ ಇರಲಿ. ಪುಡಿಗಳ ಜೊತೆಗೇ ಎರಡು ಟೀಚಮಚ ಮಾಸಾ ಹಿಟ್ಟನ್ನೂ ಹಾಕುತ್ತೇನೆ. ಸುಣ್ಣದ ನೀರಿನಲ್ಲಿ ಬೇಯಿಸಿದ ಮೆಕ್ಕೆಜೋಳದ ಹಿಟ್ಟು ಅದು, ಟಾಕೊದ ರೊಟ್ಟಿಯಾದ ಟೋರ್ಟಿಯಾ ಮಾಡುವುದೂ ಅದರಿಂದಲೇ. ಎರಡನೆಯ ನೀರನ್ನು ಕಟ್ಟಿಹಾಕುವುದು ಇದರ ಕೆಲಸ. ಇಲ್ಲದಿದ್ದರೆ ಒಂದು ಟೀಚಮಚ ಕಾರ್ನ್‌ಫ್ಲೋರ್ ಅನ್ನು ತಣ್ಣೀರಿನಲ್ಲಿ ಕದಡಿ ಆಮೇಲೆ ಸೇರಿಸಬಹುದು. ಮಂದವಾಗುತ್ತದೆ, ಆದರೆ ಜೋಳದ ರುಚಿ ಬರುವುದಿಲ್ಲ.

150 ಮಿ.ಲೀ. ನೀರು ಅಥವಾ ಉಪ್ಪಿಲ್ಲದ ಚಿಕನ್ ಸ್ಟಾಕ್ ಸುರಿದು ತಳ ಕೆರೆಯಿರಿ. ತಟ್ಟೆಯಲ್ಲಿರುವ ಮಾಂಸವನ್ನು ಅಲ್ಲಿ ಜಿನುಗಿದ ರಸದ ಸಮೇತ ವಾಪಸ್ ಹಾಕಿ. ಮುಚ್ಚಳ ಬೇಡ. ಮಧ್ಯಮ ಉರಿಯಲ್ಲಿ ಐದಾರು ನಿಮಿಷ. ಸೌಟಿನಿಂದ ನಡುವೆ ಗೆರೆ ಎಳೆದರೆ ಎರಡು ಮೂರು ಸೆಕೆಂಡು ತಳ ಕಾಣಬೇಕು, ಆ ದಾರಿಗೆ ನುಗ್ಗುವುದು ತೆಳ್ಳನೆ ನೀರಾಗಿರದೆ ಹೊಳೆಯುವ ಗ್ರೇವಿಯಾಗಿರಬೇಕು. ಅನುಮಾನವಿದ್ದರೆ ಒಂದು ಚಮಚ ಕೈಮಾವನ್ನು ತಟ್ಟೆಗೆ ಹಾಕಿ ಒಂದು ನಿಮಿಷ ಕಾಯಿರಿ. ಸುತ್ತ ನೀರಿನ ಉಂಗುರ ಬಿದ್ದರೆ ಇನ್ನೂ ಆಗಿಲ್ಲ. ತೆಳ್ಳಗೆ ಕೇಸರಿ ಜಿಡ್ಡಷ್ಟೇ ಬಿದ್ದರೆ ಹದ ಬಂದಿದೆ. ಒಲೆ ಆರಿಸಿದ ಮೇಲೆ ಎರಡು ಟೀಚಮಚ ನಿಂಬೆರಸ, ಒಂದು ಚಿಟಿಕೆ ಸಕ್ಕರೆ. ಕೊಚ್ಚಿದ ಬೀಫ್ ಒಳಗಡೆ 71 ಡಿಗ್ರಿ ಮುಟ್ಟಿರಬೇಕೆಂಬುದು ಅಮೆರಿಕದ ಕೃಷಿ ಇಲಾಖೆಯ ಸಲಹೆ. ಈ ಕ್ರಮದಲ್ಲಿ ಅದು ಯಾವಾಗಲೋ ದಾಟಿರುತ್ತದೆ.

ಇಷ್ಟಾದರೂ ನೀರಾಯಿತೇ? ಹಿಟ್ಟು ಸುರಿಯಲು ಓಡಬೇಡಿ, ಅಂಟಂಟಾಗುತ್ತದೆ. ಉರಿ ಹೆಚ್ಚಿಸಿ ಮಾಂಸದ ಸಮೇತ ಬತ್ತಿಸುವುದೂ ಬೇಡ, ಮಾಂಸ ಬಿರುಸಾಗುತ್ತದೆ. ಮಾಂಸವನ್ನು ಜಾಲರಿ ಸೌಟಿನಲ್ಲಿ ಎತ್ತಿಟ್ಟು, ಬರೀ ದ್ರವವನ್ನು ದೊಡ್ಡ ಉರಿಯಲ್ಲಿ ಎರಡು ಮೂರು ದೊಡ್ಡ ಚಮಚಕ್ಕೆ ಇಳಿಸಿ, ಮಾಂಸವನ್ನು ಮತ್ತೆ ಸೇರಿಸಿ. ರುಚಿಯೂ ಉಳಿಯುತ್ತದೆ, ಹದವೂ ಸಿಗುತ್ತದೆ.

ಹೊರಗಿನ ಚಿಪ್ಪು, ಅಂದರೆ ಮಡಚಿ ಗರಿಗರಿಯಾಗಿ ಕರಿದ ಟೋರ್ಟಿಯಾ, ಕೊಂಡದ್ದಾದರೆ 175 ಡಿಗ್ರಿ ಓವನ್‌ನಲ್ಲಿ ಐದು ನಿಮಿಷ ಕಡ್ಡಾಯ. ಪೊಟ್ಟಣದಲ್ಲಿ ಕುಳಿತ ಚಿಪ್ಪು ಗಾಳಿಯ ತೇವ ಹೀರಿರುತ್ತದೆ. ಮನೆಯಲ್ಲೇ ಕರಿಯುವುದಾದರೆ 15 ಸೆಂ.ಮೀ. ಅಗಲದ ಮೆಕ್ಕೆಜೋಳದ ಟೋರ್ಟಿಯಾ, ಒಂದು ದಿನ ಹಳೆಯದು. ತಾಜಾ ಇದ್ದರೆ ತೇವದಿಂದ ಉಬ್ಬಿ ಎಣ್ಣೆ ಕುಡಿಯುತ್ತದೆ. 180 ಡಿಗ್ರಿ ಎಣ್ಣೆಗೆ ಬಿಟ್ಟು ಕೆಲವೇ ಸೆಕೆಂಡಿನಲ್ಲಿ ಮೆತ್ತಗಾದಾಗ ಮಡಚಿ, ಇಕ್ಕಳದಲ್ಲಿ ಬಾಯಿ ತೆರೆದು ಹಿಡಿದು ಪ್ರತಿ ಬದಿ 45 ಸೆಕೆಂಡು. ಬೆರಳು ಸುಡುವ ಕೆಲಸವೇ ಹೌದು. ನ್ಯೂಯಾರ್ಕಿನಲ್ಲಿ ಹೋಟೆಲು ನಡೆಸುತ್ತಿದ್ದ ಹುವೆನ್ಸಿಯೊ ಮಾಲ್ದೊನಾದೊ ಟೋರ್ಟಿಯಾಗಳನ್ನು ಮಡಚಿ ಹಿಡಿದು ಕರಿಯುವ ಸಾಧನವೊಂದಕ್ಕೆ 1950ರಲ್ಲಿ ಪೇಟೆಂಟ್ ಪಡೆದದ್ದು ಸುಮ್ಮನೆ ಅಲ್ಲ. ಕರಿದ ಚಿಪ್ಪನ್ನು ಬೋರಲು ಹಾಕಿ ಎಣ್ಣೆ ಇಳಿಸಿ.

ತುಂಬುವಾಗ ಬಿಸಿ ಚಿಪ್ಪಿನ ತಳಕ್ಕೆ ಮೊದಲು ತುರಿದ ಚೀಸ್. ಅದು ಕರಗಿ ಮಾಂಸಕ್ಕೂ ಚಿಪ್ಪಿಗೂ ನಡುವೆ ಜಿಡ್ಡಿನ ಪದರವಾಗಿ ನಿಲ್ಲುತ್ತದೆ. ಪೊಟ್ಟಣದ ತುರಿಗಿಂತ ಕೈಯಲ್ಲಿ ತುರಿದದ್ದು ಚೆನ್ನಾಗಿ ಕರಗುತ್ತದೆ. ಅದರ ಮೇಲೆ ಎರಡು ದೊಡ್ಡ ಚಮಚ ಕೈಮಾ, ಸುಮಾರು 35 ಗ್ರಾಂ. ಐಸ್‌ಬರ್ಗ್ ಲೆಟಿಸ್ ತೊಳೆದು ಬಟ್ಟೆಯಲ್ಲಿ ಒಣಗಿಸಿದ ಮೇಲೆ ಹೆಚ್ಚಬೇಕು, ಹೆಚ್ಚಿ ತೊಳೆದರೆ ನೀರು ಮಡಿಕೆಗಳಲ್ಲೇ ಉಳಿಯುತ್ತದೆ. ಟೊಮೆಟೊ ಬೀಜ ತೆಗೆದು ಹೆಚ್ಚಿ, ಚಿಟಿಕೆ ಉಪ್ಪು ಹಾಕಿ ಜರಡಿಯಲ್ಲಿ 15 ನಿಮಿಷ ಬಿಟ್ಟರೆ ಕೆಳಗಿನ ಬಟ್ಟಲಲ್ಲಿ ಎಷ್ಟು ನೀರು ನಿಲ್ಲುತ್ತದೆ ನೋಡಿ. ಅದೆಲ್ಲ ಟಾಕೊದೊಳಗೆ ಇಳಿಯಬೇಕಾಗಿದ್ದದ್ದು. ಟೊಮೆಟೊ, ಮೆಣಸಿನ ಚಟ್ನಿಯಂಥ ಸಾಲ್ಸಾ ತಿನ್ನುವವರ ಕೈಯಲ್ಲೇ ಬೀಳಲಿ, ಮೊದಲೇ ಹಾಕಿಡಬೇಡಿ.

ಉಳಿದ ಕೈಮಾವನ್ನು ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿದರೆ ಮೂರು ದಿನ ಇರುತ್ತದೆ. ಬಿಸಿ ಆರುವ ಮುಂಚೆ ಡಬ್ಬದ ಮುಚ್ಚಳ ಬಿಗಿದರೆ ಅದರ ಒಳಮೈಯಲ್ಲಿ ಕೂತ ಹನಿಗಳೆಲ್ಲ ಕೈಮಾಕ್ಕೇ ತೊಟ್ಟಿಕ್ಕುತ್ತವೆ. ಆದ್ದರಿಂದ ಅಗಲ ತಟ್ಟೆಯಲ್ಲಿ ಹರಡಿ, ಆರಿದ ಮೇಲೆ ಮುಚ್ಚಿ. ಮತ್ತೆ ಬಿಸಿ ಮಾಡುವಾಗ ಒಂದು ದೊಡ್ಡ ಚಮಚ ನೀರು ಚಿಮುಕಿಸಿ, ತೆರೆದ ಬಾಣಲೆಯಲ್ಲಿ, ಗ್ರೇವಿ ಮತ್ತೆ ಹೊಳೆಯುವವರೆಗೆ ಮಾತ್ರ.